ಅಡುಗೆಯವರಿಗೆ ಅಡುಗೆ ಮಾಡುವ ವಿಮಲಕ್ಕ

ಬೆಳಗಿನ ಐದಕ್ಕೆ ಹತ್ತು ನಿಮಿಷ ಬಾಕಿ. ಚೆನ್ನೈನ ತ್ರಿಪ್ಲಿಕೇನಿನ ಓಣಿಗೆ ಹಾಲಿನ ವ್ಯಾನು ಆಗಷ್ಟೇ ಬಂದು ಹೋಗಿದೆ. ಸೌಪರ್ಣಿಕಾ ಭವನ ಹೋಟೆಲಿನ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ವಿಮಲಾ ಕುಕ್ಕರಗಾಲಿನಲ್ಲಿ ಕೂತು ಮಣ್ಣಿನ ಮಡಕೆಯ ಮುಚ್ಚಳ ಸರಿಸುತ್ತಾರೆ. ಬಗ್ಗಿ ಮೂಸುತ್ತಾರೆ. ತೆಂಗಿನ ಚಿಪ್ಪಿನ ಸೌಟಿನಿಂದ ನಾಲ್ಕು ಅಗುಳು ತೆಗೆದು ಬೆರಳುಗಳ ನಡುವೆ ಒತ್ತುತ್ತಾರೆ. ಅಗುಳು ಮೆತ್ತಗಾಗಿದೆ, ಕರಗಿಲ್ಲ. ಹುಳಿ ಮೂಗಿಗೆ ಸಣ್ಣಗೆ ತಾಗುತ್ತಿದೆ. ಹದ ಸರಿಯಿದೆ ಎಂದು ತಲೆಯಾಡಿಸಿ ಮುಚ್ಚಳ ಹಾಕಿ, ಮೇಲೊಂದು ಒದ್ದೆ ಬಟ್ಟೆ ಹೊದಿಸುತ್ತಾರೆ. ನಾಲಗೆಗೆ ಮಾತ್ರ ಹಚ್ಚುವುದಿಲ್ಲ. ನಾಲ್ಕು ವರ್ಷದಿಂದ ದಿನವೂ ಮಾಡುತ್ತಿರುವ ಈ ಅನ್ನವನ್ನು ಅವರು ಒಮ್ಮೆಯೂ ಉಂಡವರಲ್ಲ.

ಮಡಕೆಯಲ್ಲಿರುವುದು ಹನ್ನೆರಡು ಜನರಿಗಾಗುವಷ್ಟು ನೀರನ್ನ. ನಿನ್ನೆ ಸಂಜೆ ಬೇಯಿಸಿ, ಆರಿಸಿ, ನೀರು ಹೊಯ್ದು ಇಟ್ಟದ್ದು. ಆದರೆ ಈ ಹೊತ್ತಿಗೆ ಕಟ್ಟಡದಲ್ಲಿ ಅದನ್ನು ಉಣ್ಣುವವನು ಒಬ್ಬನೇ ಒಬ್ಬ. ಉಳಿದ ಹನ್ನೊಂದು ಮಂದಿ ಒಡಿಶಾದ ಗಂಜಾಂ ಜಿಲ್ಲೆಯ ತಮ್ಮ ಊರುಗಳಲ್ಲೇ ಇದ್ದಾರೋ, ರೈಲಿನಲ್ಲಿದ್ದಾರೋ, ಬೇರೆಲ್ಲೋ ಕೆಲಸಕ್ಕೆ ಸೇರಿಬಿಟ್ಟರೋ, ವಿಮಲಾ ಅವರಿಗೆ ಗೊತ್ತಿಲ್ಲ. ಜೂನ್ ಮಧ್ಯದಲ್ಲಿ ಬರುವ ರೊಜೊ ಹಬ್ಬಕ್ಕೆಂದು ಹದಿನೈದು ದಿನದ ರಜೆ ಪಡೆದು ಹೋದವರು ಜುಲೈ ಒಂದಕ್ಕೆ ಮರಳಬೇಕಿತ್ತು. ಇವತ್ತು ಜುಲೈ ಹದಿನಾಲ್ಕು, ಸೋಮವಾರ.

"ಒಬ್ಬ ಏಳುಮಲೈ ಹನ್ನೆರಡು ಜನರದ್ದು ಉಂಬುಕಿತ್ತಾ?" ಎಂದು ಮೆಟ್ಟಿಲ ಬಾಗಿಲಲ್ಲಿ ನಿಂತ ಜಯಪ್ರಕಾಶ್ ಹೆಂಡತಿಯನ್ನು ಕೆಣಕುತ್ತಾರೆ. ಅವರು ಈ ಹೋಟೆಲಿನ ದೋಸೆ ಮಾಸ್ಟರ್.

"ಅವ್ನ ಹೊಟ್ಟೆ ನಿಮ್ಗೆ ಗೊತ್ತಿಲ್ಲೆ. ನೀವು ಕಲ್ಲು ಕಾಯ್ಸಿ ಹೋಯ್ನಿ" ಎನ್ನುತ್ತಾರೆ ವಿಮಲಾ, ತಿರುಗಿ ನೋಡದೆ.

ಕಾಯಿಸಲು ಕಲ್ಲಿದೆ, ಹುಯ್ಯಲು ಹಿಟ್ಟಿಲ್ಲ. ಒಡಿಶಾದವರು ಊರಿಗೆ ಹೊರಟಂದಿನಿಂದ ಹೋಟೆಲಿನ ಬೆಳಗಿನ ತಿಂಡಿ ನಿಂತಿದೆ. ಹದಿನೈದು ಮಂದಿಯ ಅಡುಗೆಮನೆಯಲ್ಲಿ ಉಳಿದಿರುವುದು ನಾಲ್ವರು: ಜಯಪ್ರಕಾಶ್, ಕೋಟದ ಕಡೆಯ ಇನ್ನೊಬ್ಬ ಹಿರಿಯರು, ವಿಲ್ಲುಪುರಂನ ಏಳುಮಲೈ ಮತ್ತು ನೇಪಾಳದ ಒಬ್ಬ. ನಾಲ್ವರಿಂದ ಮಧ್ಯಾಹ್ನದ ಊಟವಷ್ಟೇ ಆಗುತ್ತಿದೆ. ಮಾಲೀಕ ಮಧ್ವರಾಜರು ಸೋಮವಾರದ ಗಡುವು ಹಾಕಿಕೊಂಡಿದ್ದಾರೆ. ಬೆಳಗಿನ ಒಂಬತ್ತರೊಳಗೆ ಅಡುಗೆಮನೆಯಲ್ಲಿ ಕನಿಷ್ಠ ಹತ್ತು ಜನ ಇಲ್ಲದಿದ್ದರೆ, ಅಂಬತ್ತೂರಿನಲ್ಲಿರುವ ಒಂದು ದೊಡ್ಡ ಅಡುಗೆ ಘಟಕದ ಜೊತೆ ಒಪ್ಪಂದಕ್ಕೆ ಸಹಿ. ಅಲ್ಲಿಂದ ಹಿಟ್ಟು, ಸಾಂಬಾರು, ಚಟ್ನಿ ಡಬ್ಬಗಳಲ್ಲಿ ಬರುತ್ತದೆ. ಇಲ್ಲಿ ಬಿಸಿ ಮಾಡಿ ಬಡಿಸಿದರಾಯಿತು. ಅದಕ್ಕೆ ನಾಲ್ಕೇ ಜನ ಸಾಕು. ನಾಲ್ಕು ಜನರಿಗೆ ಅಡುಗೆ ಮಾಡಲು ಇನ್ನೊಬ್ಬರು ಬೇಕಿಲ್ಲ.

ವಿಮಲಾ ಅವರ ಕೆಲಸ ಅದೇ. ಅವರ ಅಡುಗೆ ಗಿರಾಕಿಯ ಎಲೆಗೆ ಹೋಗುವುದಲ್ಲ. ಇಡ್ಲಿ ಬೇಯಿಸುವವರು, ತರಕಾರಿ ಹೆಚ್ಚುವವರು, ಪಾತ್ರೆ ತಿಕ್ಕುವವರು, ಇವರಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವುದು ಇಪ್ಪತ್ತು ವರ್ಷದಿಂದ ಅವರ ಪಾಲಿನ ದುಡಿಮೆ. ಹೋಟೆಲಿಗೆ ದಿನವೂ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಅವರನ್ನು ನೋಡಿಯೂ ಇಲ್ಲ.

ಐವತ್ತೆರಡರ ವಿಮಲಾ ಬೈಂದೂರು ಬಳಿಯ ನಾವುಂದದವರು. ಮದುವೆಯಾಗಿ ಮದರಾಸಿಗೆ ಬಂದದ್ದು ೧೯೯೫ರಲ್ಲಿ. ಆಗ ಜಯಪ್ರಕಾಶ್ ಹೋಟೆಲಿನ ಮಾಳಿಗೆಯಲ್ಲಿ ಹನ್ನೊಂದು ಮಂದಿಯ ಜೊತೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಮದುವೆಯ ನಂತರ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದರು. ಕೆಲಸಗಾರರಿಗೆಂದು ಆ ಕಾಲದಲ್ಲಿ ಬೇರೆ ಅಡುಗೆ ಇರಲಿಲ್ಲ. ಮಧ್ಯಾಹ್ನ ಮೂರರ ಮೇಲೆ ಗಿರಾಕಿಗಳ ಊಟ ಮುಗಿದು ಏನು ಉಳಿದಿದೆಯೋ ಅದನ್ನು ಗೋಡೆಗೆ ಒರಗಿ ನಿಂತೇ ತಿನ್ನುವುದು ರೂಢಿ. ೨೦೦೫ರಲ್ಲಿ ಒಂದೇ ತಿಂಗಳಲ್ಲಿ ಐದು ಮಂದಿ ಹೊಟ್ಟೆನೋವೆಂದು ಮಲಗಿದಾಗ, ಊರಿನ ಕುಚ್ಚಲಕ್ಕಿಯ ಗಂಜಿ ಮಾಡಿ ಹಾಕಿ ನೋಡಲೇ ಎಂದು ವಿಮಲಾ ಕೇಳಿದರು. ಹೋಟೆಲಿನ ಯಜಮಾನರು ತಾರಸಿಯ ಮೇಲೆ ಒಂದು ಒಲೆ ಹಾಕಿಸಿಕೊಟ್ಟರು. ಅಕ್ಕಿಯ ಚೀಲ ಕುಂದಾಪುರದಿಂದ ಬಸ್ಸಿನ ಮೇಲೆ ಬರತೊಡಗಿತು. ಆಗ ಅಡುಗೆಮನೆಯಲ್ಲಿದ್ದದ್ದು ಇಪ್ಪತ್ತೆರಡು ಜನ. ಅವರಲ್ಲಿ ಹತ್ತೊಂಬತ್ತು ಮಂದಿ ಕುಂದಾಪುರ ಮತ್ತು ಬೈಂದೂರಿನ ನಡುವಿನವರು.

ವಿಮಲಾ ಅವರ ಕೆಲಸದ ಕ್ರಮದಲ್ಲಿ ಒಂದು ವಿಶೇಷವಿದೆ. ಕೆಲಸಗಾರರು ಉಂಡ ತಟ್ಟೆಗಳನ್ನು ಬೇರೆಯವರಿಗೆ ತೊಳೆಯಲು ಬಿಡುವುದಿಲ್ಲ. ಪಾತ್ರೆ ತೊಳೆಯಲು ಆಳು ಕೊಡುತ್ತೇನೆಂದು ಮಧ್ವರಾಜರು ಎರಡು ಸಲ ಹೇಳಿದರೂ ಒಪ್ಪಿಲ್ಲ. "ಗಿರಾಕಿಗೆ ಉಪ್ಪು ಕಮ್ಮಿ ಆದ್ರೆ ಕೂಗಿ ಹೇಳ್ತ್ರ್. ಇವ್ರು ಹೇಳುದಿಲ್ಲೆ. ತಟ್ಟೆಯಲ್ಲಿ ಎಂತ ಬಿಟ್ಟಿದ್ರ್ ಅಂತ ಕಂಡ್ಕಂಡೇ ತಿಳ್ಕಣ್ಕ್" ಎನ್ನುತ್ತಾರೆ. ಯಾರ ತಟ್ಟೆಯಲ್ಲಿ ಬದನೆಕಾಯಿ ಉಳಿಯಿತು, ಯಾರು ಅನ್ನವನ್ನು ಬದಿಗೆ ತಳ್ಳಿದರು, ಯಾರು ಮೂರು ದಿನದಿಂದ ಅರ್ಧಕ್ಕೇ ಏಳುತ್ತಿದ್ದಾರೆ, ಎಲ್ಲ ಅವರಿಗೆ ತಲೆಯಲ್ಲೇ ಇರುತ್ತದೆ. ಅರ್ಧಕ್ಕೆ ಏಳುವವನು ಒಂದು ವಾರದಲ್ಲಿ ಊರಿನ ಮಾತೆತ್ತುತ್ತಾನೆ ಎಂಬುದು ಅವರ ಲೆಕ್ಕ. ಅಂಥವರನ್ನು ಅವರು ಮೊದಲೇ ಕರೆದು ಕೂರಿಸಿ ಮಾತಾಡಿಸುತ್ತಾರೆ. ಹೀಗೆ ಉಳಿದುಕೊಂಡವರ ಹೆಸರು ಕೇಳಿದರೆ ಜಯಪ್ರಕಾಶ್ ಎರಡೂ ಕೈಯ ಬೆರಳು ಮಡಚಿ ಮುಗಿಸಿ, ಮತ್ತೆ ಹೆಬ್ಬೆರಳಿನಿಂದ ಶುರು ಮಾಡುತ್ತಾರೆ.

ಹಾಗೆ ನೋಡುವ ಕಣ್ಣಿದ್ದೂ ಅವರು ಒಮ್ಮೆ ದೊಡ್ಡದಾಗಿ ತಪ್ಪಿದರು. ಅದನ್ನು ಅವರು ಮುಚ್ಚಿಡುವುದಿಲ್ಲ.

೨೦೨೦ರ ಲಾಕ್‌ಡೌನಿನಲ್ಲಿ ಕರಾವಳಿಯ ಹದಿನಾರು ಮಂದಿ ಊರಿಗೆ ಹೋದರು. ತಿರುಗಿ ಬಂದವರು ಮೂವರು. ಕೆಲವರು ಊರಲ್ಲೇ ಹೆದ್ದಾರಿ ಬದಿಗೆ ಸಣ್ಣ ಹೋಟೆಲು ತೆರೆದರು, ಕೆಲವರು ಗಲ್ಫಿಗೆ ಹೋದರು. ಅವರ ಮಕ್ಕಳು ಡಿಪ್ಲೊಮಾ, ಬಿ.ಕಾಂ. ಓದಿದವರು, ಒಲೆಯ ಮುಂದೆ ನಿಲ್ಲುವವರಲ್ಲ. ಮರುವರ್ಷ ಗುತ್ತಿಗೆದಾರನೊಬ್ಬ ಗಂಜಾಂನಿಂದ ಒಂಬತ್ತು ಜನರನ್ನು ಕರೆತಂದು ಬಿಟ್ಟ. ಅವರಿಗೆ ಕನ್ನಡ ಬಾರದು, ತಮಿಳು ಬಾರದು. ರಾತ್ರಿ ತಮ್ಮ ಊಟದಲ್ಲಿ ಸ್ವಲ್ಪ ಅನ್ನ ಉಳಿಸಿ, ಒಂದು ಬೋಗುಣಿಗೆ ಹಾಕಿ ನೀರು ಹೊಯ್ದು, ಅಡುಗೆಮನೆಯ ಹಿಂದಿನ ಕಿಟಕಿಯಲ್ಲಿ ಮುಚ್ಚಿಡುತ್ತಿದ್ದರು.

ಸೌಪರ್ಣಿಕಾ ಭವನಕ್ಕೆ ಮಧ್ವರಾಜರ ತಂದೆ ಹಾಕಿಕೊಟ್ಟ ಒಂದು ನೇಮವಿದೆ. ರಾತ್ರಿ ಬಾಗಿಲು ಹಾಕುವಾಗ ಅಡುಗೆಮನೆಯಲ್ಲಿ ಬೆಂದ ಅನ್ನದ ಒಂದು ಅಗುಳೂ ಉಳಿಯಬಾರದು. ಉಳಿದದ್ದು ಹಿಂಬಾಗಿಲಲ್ಲಿ ಕಾಯುವವರಿಗೆ ಹೋಗಬೇಕು, ಒಲೆ ಸಾರಿಸಬೇಕು. ವಿಮಲಾ ಬೆಳೆದ ಮನೆಯಲ್ಲೂ ತಂಗಳು ಅಂದರೆ ದನದ ಬಾನಿಗೆ ಸುರಿಯುವಂಥದ್ದು. ಬೆಳಿಗ್ಗೆ ಬಂದ ವಿಮಲಾ ಕಿಟಕಿಯಲ್ಲಿ ಹುಳಿ ವಾಸನೆಯ ಬೋಗುಣಿ ಕಂಡರು, ಯಾರೋ ಮರೆತು ಬಿಟ್ಟದ್ದೆಂದು ಚೆಲ್ಲಿದರು. ಮರುದಿನವೂ ಇತ್ತು, ಚೆಲ್ಲಿದರು. ಹೀಗೆ ಏಳು ದಿನ. ಆ ಒಂಬತ್ತು ಮಂದಿಯ ತಟ್ಟೆಯಲ್ಲಿ ಬಿಸಿ ಅನ್ನ ಅರ್ಧಕ್ಕರ್ಧ ಉಳಿಯುತ್ತಿರುವುದನ್ನು ಅವರು ಗಮನಿಸಿದ್ದರು. ಖಾರ ಹೆಚ್ಚಾಯಿತೇನೋ ಎಂದು ಮೆಣಸು ಕಡಿಮೆ ಮಾಡಿದರು, ಉಪ್ಪು ಹೆಚ್ಚಿಸಿದರು. ಎಂಟನೆಯ ದಿನ ಬೆಳಿಗ್ಗೆ ಮೂವರು ಚೀಲ ಹೊತ್ತು ಸೆಂಟ್ರಲ್ ನಿಲ್ದಾಣದ ದಾರಿ ಹಿಡಿದರು.

ಉಳಿದ ಆರು ಮಂದಿಯಲ್ಲಿ ಒಬ್ಬ ಗುರುಚರಣ. ಆಗ ಇಪ್ಪತ್ತಾರರ ಪ್ರಾಯ, ಮಿತಭಾಷಿ. ಅಷ್ಟು ದಿನದಲ್ಲಿ ಕಲಿತ ಮುರುಕು ತಮಿಳಿನಲ್ಲಿ ಅವನು ಬಂದು ಹೇಳಿದ: "ಅಕ್ಕಾ, ಅದು ಕೆಟ್ಟುಪೋನ ಸೋರು ಇಲ್ಲೆ. ಎಂಗ ಸಾಪ್ಪಾಡು." ಅದು ಕೆಟ್ಟ ಅನ್ನವಲ್ಲ, ನಮ್ಮ ಊಟ ಎಂದು. ಅವರ ಊರಲ್ಲಿ ಅದರ ಹೆಸರು ಪಖಾಳ. ಬಿಸಿಲಿನಲ್ಲಿ ಗದ್ದೆಗೆ ಇಳಿಯುವವರು ಬೆಳಿಗ್ಗೆ ಅದನ್ನು ಉಂಡೇ ಇಳಿಯುತ್ತಾರೆ. ಬೆಂಕಿಯ ಮುಂದೆ ನಿಲ್ಲುವವರಿಗೂ ಅದೇ ತಂಪು.

"ನಾನು ಹಾಳಾದ್ದು ಅಂತ ಚೆಲ್ಲಿದ್ದೆ. ಅವ್ರು ತಿಳ್ಕಂಡದ್ದು, ಇಲ್ಲಿ ನಮ್ಗೆ ಉಂಬುಕೆ ಬಿಡುದಿಲ್ಲೆ ಅಂತ" ಎನ್ನುತ್ತಾರೆ ವಿಮಲಾ. "ಏಳು ದಿನ, ಒಂಬತ್ತು ಜನ. ಒಬ್ರೂ ಬಾಯಿ ಬಿಡ್ಲಿಲ್ಲೆ."

ಪಕ್ಕದಲ್ಲಿ ಈರುಳ್ಳಿ ಸುಲಿಯುತ್ತಿದ್ದ ಏಳುಮಲೈ ಆಗ ತಮ್ಮ ಊರಲ್ಲೂ ಅದೇ ಇದೆ, ಪಳೈಯ ಸೋರು ಅನ್ನುತ್ತೇವೆ ಎಂದು ಹೇಳಿ ಅವರನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿದ. ಇಷ್ಟು ವರ್ಷ ಇಲ್ಲೇ ಇದ್ದೂ ಯಾಕೆ ಹೇಳಲಿಲ್ಲ ಎಂದು ವಿಮಲಾ ರೇಗಿದರೆ ಅವನ ಉತ್ತರ ಎರಡೇ ಪದ: "ನೀಂಗ ಕೇಕ್ಕಲಿಯೇ." ನೀವು ಕೇಳಲೇ ಇಲ್ಲವಲ್ಲ.

ಅಪ್ಪಯ್ಯನ ನೇಮ ಮುರಿಯುವುದು ಸಾಧ್ಯವಿಲ್ಲ ಎಂದರು ಮಧ್ವರಾಜರು. ಮುರಿಯುವುದು ಬೇಡ ಎಂದರು ವಿಮಲಾ. ನೇಮ ಇರುವುದು ಅಡುಗೆಮನೆಗೆ. ಟ್ಯಾಂಕಿನ ಅಡಿ ಅಡುಗೆಮನೆ ಅಲ್ಲವಲ್ಲ. ಮಧ್ವರಾಜರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಪುರಸೈವಾಕ್ಕಂ ಪಕ್ಕದ ಕೊಸಪೇಟೆಯ ಕುಂಬಾರರಲ್ಲಿಗೆ ತಾವೇ ಹೋಗಿ ದೊಡ್ಡ ಮಡಕೆಯೊಂದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಕೆಳಗಿನ ಸೌಟು ಇದಕ್ಕೆ ತಾಗಬಾರದು ಎಂದಷ್ಟೇ ಹೇಳಿದರು. ಚಿಪ್ಪಿನ ಸೌಟು ಬಂದದ್ದು ಹಾಗೆ.

ಅಲ್ಲಿಂದ ತಾರಸಿಯ ಅಡುಗೆ ಬದಲಾಯಿತು, ಒಡಿಶಾದ ಆರು ಮಂದಿ ಬರಬರುತ್ತ ಹನ್ನೊಂದಾದರು. ಈಗ ಪೂರ್ತಿ ಜನ ಇರುವ ದಿನಗಳಲ್ಲಿ ಆರು ಕಿಲೋ ಅಕ್ಕಿ ಬೇಯುತ್ತದೆ, ಎರಡು ಬಗೆಯದು: ಕರಾವಳಿಯ ಇಬ್ಬರಿಗೆ ಕುಚ್ಚಲಕ್ಕಿ, ಉಳಿದವರಿಗೆ ಇಲ್ಲಿನ ಅಂಗಡಿಯ ಸಣ್ಣ ಕುಸುಬಲಕ್ಕಿ. ನಾಲ್ಕು ಕಿಲೋ ಆಲೂಗಡ್ಡೆ, ಬೇಯಿಸಿ ಕಿವುಚಿ ಹಸಿಮೆಣಸು ಈರುಳ್ಳಿ ಸೇರಿಸಿದ್ದು. ಮೇಲೆ ಹಸಿ ಸಾಸಿವೆ ಎಣ್ಣೆ. ಅದರ ಘಾಟಿಗೆ ಮೊದಲ ಒಂದು ತಿಂಗಳು ಸೆರಗು ಮೂಗಿಗೆ ಹಿಡಿದೇ ಬಡಿಸುತ್ತಿದ್ದರಂತೆ. ಒಲೆಗೂ ಕೆಳಗಿನ ನಲ್ಲಿಗೂ ನಡುವೆ ಐವತ್ತೆರಡು ಮೆಟ್ಟಿಲು. ದಿನಕ್ಕೆ ಆರು ಸಲ ಹತ್ತಿ ಇಳಿಯುತ್ತಾರೆ. ಟ್ಯಾಂಕು ಪಕ್ಕದಲ್ಲೇ ಇದ್ದರೂ ಅದರ ನೀರು ಅಡುಗೆಗಾಗುವುದಿಲ್ಲ, ಉಪ್ಪು.

ಓಣಿಯೂ ಬದಲಾಗಿದೆ. ಎದುರಿನ ಕಿರಾಣಿ ಅಂಗಡಿಯಲ್ಲಿ ಐದು ವರ್ಷದ ಹಿಂದೆ ಸಾಸಿವೆ ಎಣ್ಣೆ ಕೇಳಿದರೆ ಮೈಗೆ ಹಚ್ಚಲಿಕ್ಕೋ ಎಂದು ಕೇಳುತ್ತಿದ್ದರು. ಈಗ ಬಾಗಿಲಲ್ಲೇ ಡಬ್ಬಗಳ ಸಾಲು, ಪಕ್ಕದಲ್ಲಿ ಒಣಗಿಸಿದ ಉದ್ದಿನ ಸಂಡಿಗೆಯ ಪೊಟ್ಟಣ. ಮೊಬೈಲ್ ಅಂಗಡಿಯ ಗಾಜಿಗೆ ಒಡಿಯಾ ಅಕ್ಷರದ ಚೀಟಿ ಅಂಟಿದೆ. ನೌಕರಿ ಹುಡುಕಿ ಬರುತ್ತಿದ್ದ ತಮಿಳು ಪದವೀಧರರನ್ನು ನಂಬಿದ್ದ ಲಾಡ್ಜುಗಳ ಕೋಣೆಗಳಲ್ಲಿ ಈಗ ಪೂರ್ವದ ರಾಜ್ಯಗಳ ಕೆಲಸಗಾರರು ತುಂಬಿದ್ದಾರೆ. ವಿಮಲಾ ಅವರ ತಮ್ಮ ಊರಿನಿಂದ ಫೋನು ಮಾಡಿದಾಗ ಹೇಳುವುದೂ ಅದನ್ನೇ: ಗಂಗೊಳ್ಳಿಯ ಬೋಟುಗಳಲ್ಲಿ ಬಲೆ ಎಳೆಯುವವರು ಒಡಿಶಾದವರು. "ನಮ್ಮೂರಿಗೂ ಅವ್ರೇ, ಇಲ್ಲಿಗೂ ಅವ್ರೇ. ಅವ್ರ ಊರಲ್ಲಿ ಯಾರಿದ್ರೋ ಎಂತದೋ" ಎಂದು ವಿಮಲಾ ಆಲೂಗಡ್ಡೆ ಸುಲಿಯುತ್ತ ಹೇಳುತ್ತಾರೆ.

ಮನೆಯೊಳಗಿನ ಬದಲಾವಣೆ ಇನ್ನೂ ತಮಾಷೆಯದು. ಮಗಳು ಅಶ್ವಿತಾಳಿಗೆ ಇಪ್ಪತ್ತೈದು, ಅಂಬತ್ತೂರಿನ ಕಂಪನಿಯೊಂದರಲ್ಲಿ ಕೆಲಸ. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಗುರುಚರಣ ಮಾತ್ರ ನಾಲ್ಕು ವರ್ಷದಲ್ಲಿ ವಿಮಲಾ ಅವರಿಂದ ಕುಂದಾಪುರದ ಕನ್ನಡವನ್ನೇ ಕಲಿತಿದ್ದಾನೆ. ಇವನ ಕನ್ನಡ ನನ್ನ ಮಗಳದ್ದಕ್ಕಿಂತ ಲಾಯ್ಕಿತ್ತು ಎಂದು ತಾಯಿ ಛೇಡಿಸಿದರೆ ಅಶ್ವಿತಾ ನಗುತ್ತಾಳೆ. ಅವಳ ಆಫೀಸಿನ ಕ್ಯಾಂಟೀನಿಗೆ ಊಟ ಬರುವುದು ಮಧ್ವರಾಜರು ಒಪ್ಪಂದ ಮಾಡಿಕೊಳ್ಳಲಿರುವ ಅದೇ ಅಡುಗೆ ಘಟಕದಿಂದ. ಹೇಗಿರುತ್ತದೆ ಎಂದು ತಾಯಿ ಹೋದ ವಾರ ಕೇಳಿದರು. ಅವಳು ಸುಳ್ಳು ಹೇಳಲಿಲ್ಲ: "ನಲ್ಲಾ ದಾನ್ ಇರುಕ್ಕು ಮಾ." ಚೆನ್ನಾಗಿಯೇ ಇದೆ.

ಮಧ್ವರಾಜರದ್ದೂ ಹಟವಲ್ಲ. ಅರವತ್ತೆಂಟರ ಅವರು ಹುಟ್ಟಿದ್ದೇ ತ್ರಿಪ್ಲಿಕೇನಿನಲ್ಲಿ. "ಆ ಸಾಂಬಾರ್ ಕೆಟ್ಟದ್ದಲ್ಲ, ನಾನೇ ಟೇಸ್ಟ್ ಮಾಡಿದ್ದೇನೆ" ಎನ್ನುತ್ತಾರೆ. "ನಾಳೆ ಆಳು ಬರ್ತಾನಾ ಇಲ್ವಾ ಅಂತ ಹೆದರಿ ಮಲಗುದು ತಪ್ಪುತ್ತೆ, ಅಷ್ಟೇ." ಹೊರಟವರಿಗೆ ಸೂರತ್ತಿನ ಮಗ್ಗದ ಕಾರ್ಖಾನೆಗಳ ಏಜೆಂಟರು ಊರಲ್ಲೇ ಸಿಗುತ್ತಾರೆ, ಅಲ್ಲಿ ಸಂಬಳ ಹೆಚ್ಚು ಎಂಬುದು ಅವರಿಗೆ ಗೊತ್ತು. ಹೋದ ವಾರ ವಾರದ ರಜೆ ಖಾತ್ರಿ ಮಾಡುವುದಾಗಿ ಗುರುಚರಣನ ಫೋನಿಗೆ ಸಂದೇಶ ಕಳಿಸಿದ್ದಾರೆ. ಉತ್ತರ ಬರಲಿಲ್ಲ. ವಿಮಲಾ ದಿನವೂ ಕರೆ ಮಾಡಿದ್ದಾರೆ. ಒಂಬತ್ತು ದಿನದಿಂದ ಫೋನು ಆಫ್. ಕೊನೆಗೆ ಶುಕ್ರವಾರ ಅವನ ಹೆಂಡತಿಯ ನಂಬರು ಹುಡುಕಿ ಅದಕ್ಕೊಂದು ಧ್ವನಿ ಸಂದೇಶ ಕಳಿಸಿದರು. ಯಜಮಾನರ ಗಡುವನ್ನು ಅದರಲ್ಲಿ ಹೇಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಸೋಮವಾರ ಬೆಳಿಗ್ಗೆಗೆ ಎಲ್ರಿಗೂ ನೀರನ್ನ ಹಾಕಿಡ್ತೆ. ಬಂದ್ರೆ ಉಣ್ಣಿ." ಇಷ್ಟೇ.

ಈಗ ಆರೂವರೆ. ಗಂಜಾಂ ಹಾದು ಬರುವ ಹೌರಾ ಕಡೆಯ ರೈಲು ತಡವಾಗಿದೆ ಎಂದು ಜಯಪ್ರಕಾಶ್ ಮೊಬೈಲಿನಲ್ಲಿ ನೋಡಿ ಹೇಳಿ ಹೋಗಿದ್ದಾರೆ. ವಿಮಲಾ ಕೆಳಗಿಳಿಯುವುದಿಲ್ಲ. ನಾಲ್ಕು ಕಿಲೋ ಆಲೂಗಡ್ಡೆ ಬೆಂದಿದೆ. ಕಿವುಚಬೇಕೋ ಬೇಡವೋ ಎಂದು ಒಂದು ಗಳಿಗೆ ನೋಡುತ್ತಾರೆ. ಬೆಂದ ಆಲೂಗಡ್ಡೆಯಾದರೆ ಕೆಳಗಿನ ಪಲ್ಯಕ್ಕೂ ಆಗುತ್ತದೆ, ಸಾಸಿವೆ ಎಣ್ಣೆ ಬಿದ್ದರೆ ಆಗುವುದಿಲ್ಲ. ಎಣ್ಣೆಯ ಡಬ್ಬದ ಮುಚ್ಚಳ ತೆಗೆದು ಸುರಿಯುತ್ತಾರೆ.

ಏಳು ಗಂಟೆ ಐದು ನಿಮಿಷಕ್ಕೆ ಕೆಳಗಿನಿಂದ ಏಳುಮಲೈ ಕೂಗುತ್ತಾನೆ: "ಅಕ್ಕಾ, ವಂದುಟ್ಟಾಂಗ!"

ಬಂದರು ಎಂದದ್ದಾಯಿತು, ಎಷ್ಟು ಜನ ಎಂದು ಅವನು ಹೇಳಲಿಲ್ಲ. ವಿಮಲಾ ಸೌಟು ಹಿಡಿದೇ ಮೆಟ್ಟಿಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೊದಲು ಗುರುಚರಣ, ಹೆಗಲಲ್ಲಿ ಚೀಲ. ಅವನ ಹಿಂದೆ ಒಬ್ಬೊಬ್ಬರಾಗಿ ಹತ್ತುತ್ತಾರೆ. ಎರಡು, ಮೂರು, ನಾಲ್ಕು, ಐದು, ಆರು. ಏಳನೆಯವನ ಮುಖ ವಿಮಲಾ ಕಂಡದ್ದಲ್ಲ. ಅವನ ಹಿಂದೆ ಮೆಟ್ಟಿಲು ಖಾಲಿ.

ಗುರುಚರಣ ತಲೆ ತಗ್ಗಿಸಿ ಹೇಳುತ್ತಾನೆ: "ಮಳಿ ಲೇಟ್ ಆಯ್ತ್ ಅಕ್ಕಾ. ನಟ್ಟಿ ಮುಗ್ಸದೆ ಬಪ್ಪುಕ್ ಆಯ್ಲಿಲ್ಲೆ. ಫೋನ್ ಗದ್ದೆ ನೀರಿಗೆ ಬಿತ್ತ್."

"ಉಳಿದವ್ರು?"

"ಐದ್ ಜನ ಸೂರತ್. ನಾನೂ ಹೋಪುದಂದೇ ಇದ್ದಿದ್ದೆ." ಸುಳ್ಳು ಹೇಳಿ ಏನು ಪ್ರಯೋಜನ ಎಂಬಂತೆ ಸೇರಿಸುತ್ತಾನೆ: ಅಲ್ಲಿ ಸಂಬಳ ಹೆಚ್ಚು, ಆದರೆ ಹನ್ನೆರಡು ಗಂಟೆ ಮಗ್ಗದ ಮುಂದೆ, ಊಟ ಹೊರಗಿನ ಮೆಸ್ಸಿನದ್ದು. ಯಜಮಾನರ ರಜೆಯ ಸುದ್ದಿ ಅವನಿಗೆ ಗೊತ್ತೇ ಇರಲಿಲ್ಲ, ಫೋನು ಗದ್ದೆಯಲ್ಲಿತ್ತು. ಹೆಂಡತಿಯ ಫೋನಿಗೆ ಬಂದ ಮಾತು ಮಾತ್ರ ಕೇಳಿದ್ದ. ಹೊಸಬನು ಗುರುಚರಣನ ಹೆಂಡತಿಯ ಅಣ್ಣ. ಆ ಧ್ವನಿ ಸಂದೇಶವನ್ನು ಅವನು ಮನೆಯವರಿಗೆಲ್ಲ ಒಡಿಯಾದಲ್ಲಿ ಹೇಳಿದಾಗ, ಚೆನ್ನೈನಲ್ಲಿ ಪಖಾಳ ಮಾಡಿಡುವವರು ಯಾರು ಎಂದು ನೋಡಲು ಹೊರಟವನಂತೆ.

ವಿಮಲಾ ಹಿಂದೆ ಸರಿದು ದಾರಿ ಬಿಡುತ್ತಾರೆ. ಕೈತೊಳೆದು ಬರಲು ಬಕೆಟ್ಟು ತೋರಿಸುತ್ತಾರೆ. ತಟ್ಟೆಗಳು ಸಾಲಾಗುತ್ತವೆ. ನೀರನ್ನದ ಮೇಲೆ ಉಪ್ಪು, ಬದಿಗೆ ಆಲೂಗಡ್ಡೆ, ಒಂದೊಂದು ಹಸಿಮೆಣಸು. ಏಳುಮಲೈ ತನ್ನ ತಟ್ಟೆ ಹಿಡಿದು ಕೊನೆಗೆ ಬಂದು ಕೂರುತ್ತಾನೆ.

ಅವರು ಉಣ್ಣುತ್ತಿರುವಾಗ ಮಧ್ವರಾಜರು ಮೊಣಕಾಲು ಹಿಡಿದುಕೊಂಡು ಐವತ್ತೆರಡು ಮೆಟ್ಟಿಲು ಹತ್ತಿ ಬರುತ್ತಾರೆ. ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತು ತಲೆ ಎಣಿಸುತ್ತಾರೆ. ಹೊಸಬನನ್ನು ಎರಡು ಸಲ ನೋಡುತ್ತಾರೆ. ಏಳು, ಇಲ್ಲಿರುವ ನಾಲ್ಕು, ಹನ್ನೊಂದು. ಜೇಬಿನಿಂದ ಫೋನು ತೆಗೆದು ಅಂಬತ್ತೂರಿಗೆ ಕರೆ ಮಾಡಿ, ಇವತ್ತು ಬರುವುದು ಬೇಡ ಎಂದು ತಮಿಳಿನಲ್ಲಿ ಹೇಳುತ್ತಾರೆ. ಯಾವತ್ತು ಬರಲಿ ಎಂದು ಆ ಕಡೆಯವರು ಕೇಳಿರಬೇಕು. ಬರುವ ವರ್ಷದ್ದು ಬರುವ ವರ್ಷ ನೋಡೋಣ ಎನ್ನುತ್ತಾರೆ. ಫೋನು ಜೇಬಿಗಿಟ್ಟು ವಿಮಲಾ ಕಡೆ ತಿರುಗಿ, ನಾಳೆಯಿಂದ ಬೆಳಗಿನ ತಿಂಡಿ, ಉದ್ದು ಇವತ್ತು ಮಧ್ಯಾಹ್ನವೇ ನೆನೆಹಾಕಲು ಹೇಳಿ ಎಂದು ಇಳಿಯುತ್ತಾರೆ.

ಬಂದವರು ಎರಡೆರಡು ಸಲ ಹಾಕಿಸಿಕೊಂಡರೂ ಮಡಕೆಯ ತಳದಲ್ಲಿ ಎರಡು ಮೂರು ತಟ್ಟೆಯಷ್ಟು ಉಳಿದಿದೆ. ನೀವು ಉಣ್ಣಿ ಅಕ್ಕಾ ಎಂದು ಗುರುಚರಣ ಮಡಕೆಯನ್ನು ಅವರತ್ತ ಸರಿಸುತ್ತಾನೆ. ನಾಲ್ಕು ವರ್ಷದಲ್ಲಿ ಅವನು ಹೀಗೆ ಕರೆದದ್ದು ಎಷ್ಟನೆಯ ಸಲವೋ.

"ನಾನು ಉಂಬುದಿಲ್ಲೆ ಮಾರಾಯ. ನಂಗೆ ಹದ ಗೊತ್ತಿತ್ತ್, ಅಷ್ಟು ಸಾಕ್" ಎಂದು ಅವರು ಉಳಿದದ್ದನ್ನು ಏಳುಮಲೈಯ ತಟ್ಟೆಗೆ ಬಗ್ಗಿಸುತ್ತಾರೆ. ಅವನು ಬೇಡ ಎನ್ನುವುದಿಲ್ಲ.

ಎಂಟು ತಟ್ಟೆಗಳನ್ನು ಎದುರಿಗೆ ಹರಡಿಕೊಂಡು ವಿಮಲಾ ತೊಳೆಯಲು ಕೂರುತ್ತಾರೆ. ಎಂದಿನಂತೆ ಒಂದೊಂದನ್ನೂ ಎತ್ತಿ ನೋಡುತ್ತಾರೆ. ಹೊಸಬನ ತಟ್ಟೆಯಲ್ಲಿ ಮೆಣಸಿನ ತೊಟ್ಟು ಬಿಟ್ಟರೆ ಇನ್ನೇನೂ ಇಲ್ಲ. ಅದನ್ನು ಬೆಳಕಿಗೆ ಹಿಡಿದು ಇನ್ನೊಂದು ಗಳಿಗೆ ನೋಡಿ, ಸಣ್ಣಗೆ ನಕ್ಕು, ನೀರಿಗೆ ಇಳಿಸುತ್ತಾರೆ.

ಅಡುಗೆಮನೆಗೆ ಹೊರಟ ಜಯಪ್ರಕಾಶ್ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ನಾಳೆಗೆ ಎಂಟು ಜನಕ್ಕೆ ಹಾಕಿದ್ರೆ ಸಾಕಲ್ದಾ?"

"ಹದಿಮೂರು ಜನಕ್ಕೆ ಹಾಕ್ತೆ" ಎನ್ನುತ್ತಾರೆ ವಿಮಲಾ, ತಟ್ಟೆ ತಿಕ್ಕುವುದನ್ನು ನಿಲ್ಲಿಸದೆ. "ಸೂರತ್ತಿಂದಲೂ ರೈಲು ಇತ್ತಲ್ದಾ."